ಬೇರಿನ ಗಂಟು

ರುಸ್ತಾಕಿನ ಕೋಟೆಯ ಹಿಂದೆ, ಟೈರಂಗಡಿಯ ಪಕ್ಕ
ನಮ್ಮ ಆರು ಮೇಜಿನ ಹೋಟೆಲು.
ಹಡಗು ತಡವಾದರೆ ಇಲ್ಲಿ ವಡೆ ತಡ.
ಉದ್ದು ಬೀದರಿನ ಕಪ್ಪು ಹೊಲದಲ್ಲಿ ಹುಟ್ಟಿ
ಮುಂಬಯಿಯಲ್ಲಿ ಸಿಪ್ಪೆ ಕಳೆದುಕೊಂಡು
ಸೋಹಾರಿನಲ್ಲಿ ಇಳಿದು, ನಾಲ್ಕು ಕೈ ದಾಟಿ
ನನ್ನ ಬಳಿ ಬರುತ್ತದೆ.
ಇಡೀ ಸಮುದ್ರ ದಾಟಿಯೂ
ಒಣಗಿಯೇ ಇರುತ್ತದೆ ಪಾಪ,
ನಾನೇ ಮತ್ತೆ ನೆನೆಹಾಕಬೇಕು.

ಆ ವಾರ ಮೂಟೆ ಬರಲಿಲ್ಲ.
ಬೆಳಗಿನ ಆರಕ್ಕೆ ಚಹಾ ಕುಡಿಯುವ ಖಲ್ಫಾನ್ ಮುದುಕ
ಖಾಲಿ ತಟ್ಟೆಗಳನ್ನು ನೋಡಿದ, ಏನೂ ಕೇಳಲಿಲ್ಲ.
ಮಾರನೆಯ ದಿನ ತಲೆಗೆ ಸುತ್ತುವ ಬಟ್ಟೆಯಲ್ಲಿ
ಎರಡು ಸೇರಿನಷ್ಟು ಕಟ್ಟಿ ತಂದು ಗಲ್ಲಾದ ಮೇಲಿಟ್ಟ.
ಲೋಬಿಯಾ, ಅಂದ.
ಅಲಸಂದೆ, ಅಂದೆ.
ಒಂಟಿ ಕಪ್ಪು ಕಣ್ಣಿನ ಕಾಳು
ಇಬ್ಬರನ್ನೂ ನೋಡಿತು.

ಅವನ ತೋಟಕ್ಕೆ ನೀರಿನ ಪಾಳಿ ರಾತ್ರಿ ಎರಡೂವರೆಗೆ.
ಅಪ್ಪನ ಕಾಲದಲ್ಲಿ ನಕ್ಷತ್ರ ನೋಡಿ ಏಳುತ್ತಿದ್ದರಂತೆ,
ಈಗ ಮೊಬೈಲು ಕೂಗುತ್ತದೆ.
ಕಲ್ಲು, ಹರಕು ಬಟ್ಟೆ ಸರಿಸಿದರೆ
ಫಲಜಿನ ನೀರು ಖರ್ಜೂರದ ಬುಡಕ್ಕೆ.
ಆ ನೀರೇ, ಆ ನೆರಳೇ ಅಲಸಂದೆಗೂ;
ಬೇರೆ ಕೇಳುವುದಿಲ್ಲ ಅದು.

ಮೊದಲ ಘಾಣ ಎಣ್ಣೆಗೆ ಬಿದ್ದದ್ದೇ ಒಡೆಯಿತು.
ಶಫೀಕುಲ್ ಜಾಲರಿಯಲ್ಲಿ ಬಾಚಿ ಎತ್ತಿ
"ಭಾಯಿ, ಇದು ಬೂಂದಿ" ಎಂದ.
ಉದ್ದಿನ ಜಿಗುಟು ಇದಕ್ಕಿಲ್ಲ,
ಉದ್ದಾಗು ಎಂದು ಬಯ್ದರೆ ಆಗುವುದೂ ಇಲ್ಲ.
ತೂತಿನ ಆಸೆ ಬಿಟ್ಟೆ.
ನೀರು ಹಿಂಡಿ, ತರಿತರಿಯಾಗಿ ರುಬ್ಬಿ,
ಶುಂಠಿ, ಡಬ್ಬಿಯಲ್ಲಿ ಬೆಳೆಸಿದ ಕರಿಬೇವು,
ಹುಳಿಗೆ ಇಲ್ಲಿಯದೇ ಒಣಗಿದ ಲಿಂಬೆ ಪುಡಿ
ಹಾಕಿ ಅಂಗೈಯಲ್ಲಿ ಚಪ್ಪಟೆ ತಟ್ಟಿದೆ.
ಮೂರನೆಯ ಘಾಣಕ್ಕೆ ಹದ ಸಿಕ್ಕಿತು.

ಕ್ರೇನಿನ ವೀರಶೆಟ್ಟಿ ಬೀದರದವ, ಉದ್ದಿನ ಊರವ.
ಮುರಿದ, ಮೂಸಿದ, "ಇದು ವಡಿ ಅಲ್ರಿ" ಎಂದ.
ಅಲ್ಲ ಎನ್ನುವುದಕ್ಕೆ ಅವನಿಗೆ ನಾಲ್ಕು ಬೇಕಾದವು.

ಖಲ್ಫಾನನ ಹೆಂಡತಿ ರಾಯಾ ಎರಡು ಕಟ್ಟಿಸಿಕೊಂಡು
ಬದಲಿಗೆ ಒಂದು ಬೋಗುಣಿ ಕಳಿಸಿದಳು:
ಉಪ್ಪು, ಒಣಮೆಣಸು, ಲಿಂಬೆ ಹಿಂಡಿ ಬೇಯಿಸಿದ್ದು.
ನಮ್ಮ ಉಸಲಿಯೇ, ಒಗ್ಗರಣೆಯೊಂದಿಲ್ಲ.
ಮೊಮ್ಮಗ ತರುವುದು ತಗಡಿನ ಡಬ್ಬಿಯ ಕಾಳಂತೆ,
ಯಾವ ದೇಶದ್ದೋ, ತಗಡಿನದೇ ರುಚಿಯಂತೆ.
ಬಾವಿಯ ಪಕ್ಕದ್ದು ಇರುವಾಗ, ಎಂದು
ಅವಳು ಗೊಣಗಿದ್ದನ್ನು ಮುದುಕ ನಗುತ್ತಾ ಹೇಳಿದ.

ಹಿತ್ತಲ ಗಿಡ ಮದ್ದಲ್ಲ, ಅನ್ನುತ್ತಿದ್ದಳು ಅಜ್ಜಿ ಬೈಂದೂರಲ್ಲಿ.
ಹನ್ನೊಂದು ವರ್ಷವಾಯಿತು ನನಗಿಲ್ಲಿ,
ಹಿತ್ತಲೇ ಇಲ್ಲ.
ಯಾರ ಹಿತ್ತಲನ್ನು ನನ್ನದೆಂದುಕೊಳ್ಳಲಿ ಎಂದು
ಕೇಳಿಕೊಂಡದ್ದೂ ಇರಲಿಲ್ಲ.

ಕೊಯ್ಲು ಮುಗಿದ ಶುಕ್ರವಾರ ತೋಟಕ್ಕೆ ಕರೆದ.
ಒಣಗಿದ ಬಳ್ಳಿಗಳ ನಡುವೆ ಇನ್ನೂ ಹಸಿರಿದ್ದ ಒಂದನ್ನು
ಬುಡಸಹಿತ ಕಿತ್ತು, ಮಣ್ಣು ಕೊಡವಿ ಹಿಡಿದ.
ಬೇರಿನ ತುಂಬ ಸಾಸಿವೆಯಷ್ಟು ಸಾಸಿವೆಯಷ್ಟು ಗಂಟು.
ಉಗುರಿನಲ್ಲಿ ಒಂದನ್ನು ಚಿವುಟಿದ,
ಒಳಗೆ ಕೆಂಪು,
ಎಲೆಯಡಿಕೆ ತಿಂದ ತುಟಿ.

ಗಾಳಿಯಿಂದ ಗಳಿಸುತ್ತದೆ, ಅಂದ ಮುರುಕು ಹಿಂದಿಯಲ್ಲಿ,
ನಿಂತ ಮಣ್ಣಿಗೇ ಬಿಟ್ಟು ಹೋಗುತ್ತದೆ.
ಮುಂದಿನ ಬೆಳೆಗೆ ಗೊಬ್ಬರದ ಚೀಲ ಕಡಿಮೆ.

ನನ್ನ ಜೇಬಿನಲ್ಲಿ ಆ ತಿಂಗಳ ಹಣ ಕಳಿಸಿದ ರಸೀದಿ,
ನಾಲ್ಕು ಮಡಿಕೆ.
ಗಂಟು ಎಂದರೆ ನಮ್ಮ ಕಡೆ
ಕಟ್ಟಿಕೊಂಡು ಹೊರಡುವುದು.
ಏನೂ ಹೇಳಲಿಲ್ಲ ನಾನು. ಅವನು ಆ ಬಳ್ಳಿಯನ್ನು
ಮತ್ತೆ ಮಣ್ಣಿಗೇ ತುಳಿದು ಹಾಕಿದ.

ಉದ್ದಿನ ಮೂಟೆ ಆಮೇಲೆ ಬಂತು. ದೋಸೆಗೆ ಅದು ಬೇಕೇ ಬೇಕು,
ಹಟ ಯಾಕೆ.
ಸೋಮವಾರ, ಗುರುವಾರ ಮಾತ್ರ ಹಲಗೆಯ ಮೇಲೆ
ಅಲಸಂದೆ ವಡೆ ಎಂದು ಬರೆಯುತ್ತೇನೆ,
ಕೆಳಗೆ ಖಲ್ಫಾನನ ತೋಟ ಎಂದು.

ಮೊನ್ನೆ ನೆನೆಹಾಕುವಾಗ ನಾಲ್ಕು ಕಾಳು ತೆಗೆದು
ಬಾಗಿಲಲ್ಲಿರುವ ಎಣ್ಣೆ ಡಬ್ಬಿಯ
ಕರಿಬೇವಿನ ಬುಡಕ್ಕೆ ಊರಿದೆ.
ಎರಡು ಕೊಳೆತವು. ಎರಡು ಎದ್ದು ಎಲೆ ಬಿಚ್ಚಿವೆ.
ನನ್ನ ವೀಸಾ ಮುಗಿಯುವುದು ಮಾರ್ಚಿಗೆ.
ಬುಡದಲ್ಲಿ ಗಂಟು ಕಟ್ಟಿದೆಯೋ ಇಲ್ಲವೋ
ಕಿತ್ತು ನೋಡುವ ಹಾಗಿಲ್ಲ.